ಮೂಲಚ್ಛೇದದ ಹಂಬಲ

ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯ ವಿಷಯವಾಗಿ ನಮ್ಮ ಜನರಲ್ಲಿ, ಓದಿದವರು ಓದದವರೆಂಬ ಭೇದವಿಲ್ಲದೆ, ಒಂದು ಅಭಿಪ್ರಾಯ ಬಹುಕಾಲದಿಂದ ನೆಲೆಯೂರಿಕೊಂಡಿದೆ. ಡಾಕ್ಟರರು ಕೊಡುವ ಮುಲಾಮು ಮಾತ್ರೆಗಳು ಈ ರೋಗವನ್ನು ಗುಣಪಡಿಸಲಾರವು, ಅದುಮಿಡಬಲ್ಲವು ಅಷ್ಟೆ. ರೋಗದ ಬೇರು ಇರುವುದು ಕೆಟ್ಟ ರಕ್ತದಲ್ಲಿ. ರಕ್ತ ಶುದ್ಧಿಯಾಗಿ ಆ ಬೇರು ಕಿತ್ತುಬರುವವರೆಗೆ ಚರ್ಮದ ಮೇಲೆ ಏನನ್ನು ಬಳಿದರೂ ವ್ಯರ್ಥ. ಹೊರಬರಬೇಕಾದ ದೋಷವನ್ನು ಒಳಕ್ಕೆ ಅಟ್ಟಿದಂತಾಗುವುದರಿಂದ ಅಪಾಯಕರವೂ ಹೌದು ಎಂಬುದು ಆ ಅಭಿಪ್ರಾಯದ ಸಾರ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ನೆಂಟರು ರೋಗಿಯ ಮೊಣಕೈಯನ್ನು ಕಂಡೊಡನೆ ಹೇಳುವ ಹಿತವಚನವೂ ಇದೇ, ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ಸಾರುವುದೂ ಇದನ್ನೇ. ಮೌಢ್ಯವೆಂದು ಒಂದು ಮಾತಿನಲ್ಲಿ ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಇಷ್ಟು ಜನ ಇಷ್ಟು ಕಾಲ ನಂಬಿಕೊಂಡು ಬಂದ ಮಾತಿಗೆ ಅನುಭವದ ಆಧಾರ ಏನಾದರೂ ಇರಲೇಬೇಕು. ಅದನ್ನು ಗುರುತಿಸದೆ ಖಂಡಿಸಹೊರಟವನ ವಾದ ಪೂರ್ವಪಕ್ಷವನ್ನು ಮುಟ್ಟದೆಯೇ ಹೋದೀತು.

ಆ ಆಧಾರಗಳು ಅಲ್ಪವಾದುವಲ್ಲ. ರೋಗಿ ಮುಲಾಮು ಹಚ್ಚುತ್ತಾನೆ. ಕೆಲವು ವಾರಗಳಲ್ಲಿ ಕೆಂಪು ಇಳಿದು, ಬೆಳ್ಳಿಯ ಬಣ್ಣದ ಹಕ್ಕಳೆ ಉದುರಿ, ಚರ್ಮ ಹಸನಾಗುತ್ತದೆ. ಹಚ್ಚುವುದನ್ನು ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಅದೇ ಮೊಣಕೈ, ಅದೇ ಮಂಡಿ, ಅದೇ ನೆತ್ತಿಯ ಅಂಚಿನಲ್ಲಿ ವ್ಯಾಧಿ ಮತ್ತೆ ತಲೆಯೆತ್ತುತ್ತದೆ. ಇದನ್ನು ಎರಡು ಮೂರು ಸಾರಿ ಅನುಭವಿಸಿದವನಿಗೆ, ಜೇಕಿನ ಎಲೆಯನ್ನು ಕೊಯ್ದು ಗೆಡ್ಡೆಯನ್ನು ಮಣ್ಣಿನಲ್ಲಿಯೇ ಬಿಟ್ಟ ಒಕ್ಕಲಿಗನ ನೆನಪಾದರೆ ಅದರಲ್ಲಿ ಆಶ್ಚರ್ಯವೇನು? ಎರಡನೆಯದಾಗಿ, ಸ್ಟೀರಾಯ್ಡ್ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಂಡು ಕೆಲವೇ ದಿನಗಳಲ್ಲಿ ಗುಣ ಕಂಡು, ಬಿಟ್ಟ ಮೇಲೆ ಮೊದಲಿಗಿಂತ ಭೀಕರವಾಗಿ ಮೈಯೆಲ್ಲ ಕೆರಳಿದವರು ಊರೂರಿನಲ್ಲಿಯೂ ಉಂಟು. ಅಟ್ಟಿದ ರೋಗ ತಿರುಗಿಬಿತ್ತೆಂಬ ಮಾತು ಅವರ ಪಾಲಿಗೆ ಕಂಡುಂಡ ಸಂಗತಿ. ಮೂರನೆಯದಾಗಿ, ಪ್ರಾಚೀನ ವೈದ್ಯದ ಪ್ರಮಾಣ. ಚರಕಸಂಹಿತೆಯಲ್ಲಿ ಕುಷ್ಠವೆಂಬ ಸಾಮಾನ್ಯ ನಾಮದ ಕೆಳಗೆ ಹದಿನೆಂಟು ಚರ್ಮವ್ಯಾಧಿಗಳು ಎಣಿಕೆಯಾಗಿವೆ; ಅವುಗಳೊಳಗೆ ಏಕಕುಷ್ಠ, ಕಿಟಿಭ ಮುಂತಾದುವನ್ನು ಇಂದಿನ ಆಯುರ್ವೇದ ಪಂಡಿತರು ಸೋರಿಯಾಸಿಸ್ಸಿಗೆ ಹೋಲಿಸುತ್ತಾರೆ. ತ್ರಿದೋಷಗಳು ಕೆಟ್ಟು, ಅವು ತ್ವಕ್ಕು, ರಕ್ತ, ಮಾಂಸ, ಲಸೀಕಾದ್ರವಗಳನ್ನು ಕೆಡಿಸಿದಾಗ ಕುಷ್ಠ ಹುಟ್ಟುವುದೆಂಬುದು ಅಲ್ಲಿನ ಸಿದ್ಧಾಂತ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ವಮನ ವಿರೇಚನಗಳ ಜೊತೆಗೆ ಹೊರಗೆ ಹಚ್ಚತಕ್ಕ ಲೇಪಗಳೂ ಧಾರಾಳವಾಗಿ ಉಕ್ತವಾಗಿವೆ ಎಂಬುದನ್ನು ಮಾತ್ರ ನಮ್ಮ ರಕ್ತಶುದ್ಧಿವಾದಿಗಳು ಸಾಮಾನ್ಯವಾಗಿ ನೆನೆಯುವುದಿಲ್ಲ.

ಈ ಮತವನ್ನು ಎಳೆ ಎಳೆಯಾಗಿ ಬಿಡಿಸಿದರೆ ಮೂರು ಪ್ರತಿಜ್ಞೆಗಳು ಕಾಣಬರುತ್ತವೆ.

1. ಚರ್ಮದ ಮೇಲೆ ಕಾಣುವ ಮಚ್ಚೆ ರೋಗದ ಚಿಹ್ನೆ ಮಾತ್ರ. ರೋಗದ ನಿಜವಾದ ವ್ಯಾಪಾರ ದೇಹದ ಒಳಗಿನದು.

2. ಆ ಒಳಗಿನದು ಒಂದು ಕಶ್ಮಲ ದ್ರವ್ಯ, ಅದಕ್ಕೊಂದು ನೆಲೆಯಿದೆ, ಚರ್ಮ ಅದರ ಹೊರಬಾಗಿಲು.

3. ಆದಕಾರಣ, ಆ ದ್ರವ್ಯವನ್ನು ಹೊರಹಾಕದೆ ಚರ್ಮವನ್ನು ತಿಳಿಯಾಗಿಸುವ ಉಪಾಯವೆಲ್ಲವೂ ಬಾಗಿಲು ಮುಚ್ಚುವ ಕೆಲಸ, ಎಂದರೆ ಅದುಮುವ ಕೆಲಸ.

ಮೂರೂ ಒಂದೇ ಉಸಿರಿನಲ್ಲಿ ಹೇಳಲ್ಪಡುವುದರಿಂದ ಒಂದರ ಸತ್ಯ ಉಳಿದೆರಡಕ್ಕೂ ಹತ್ತಿಕೊಂಡಿದೆ. ಮೊದಲನೆಯದು ನಿಜ. ಎರಡನೆಯದು ನಿಜವಲ್ಲ. ಮೂರನೆಯದು ಎರಡನೆಯದರ ಆಸರೆಯಿಲ್ಲದೆ ನಿಲ್ಲಲಾರದು. ಗೊಂದಲವೆಲ್ಲ ಇಲ್ಲಿದೆ.

ಮೊದಲನೆಯ ಪ್ರತಿಜ್ಞೆಯ ವಿಷಯದಲ್ಲಿ ಜನಸಾಮಾನ್ಯರ ಊಹೆ ಬಹುಕಾಲ ಡಾಕ್ಟರರ ಊಹೆಗಿಂತ ಮುಂದಿತ್ತೆಂದು ಒಪ್ಪಬೇಕಾಗಿದೆ. ಯೂರೋಪಿನ ವೈದ್ಯರು ಈ ವ್ಯಾಧಿಯನ್ನು ಶತಮಾನಗಳ ಕಾಲ ಕುಷ್ಠರೋಗದೊಡನೆ ಬೆರೆಸಿಕೊಂಡಿದ್ದರು. ಲಂಡನ್ನಿನ ರಾಬರ್ಟ್ ವಿಲ್ಲನ್ ಎಂಬಾತ 1808ರಲ್ಲಿ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದನಾದರೂ ಹೆಸರಿನಲ್ಲಿ ಕುಷ್ಠದ ಸಂಬಂಧವನ್ನು ಉಳಿಸಿಕೊಂಡನು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಆ ಸಂಬಂಧವನ್ನು ಕಡಿದುಹಾಕಿದ ಮೇಲೆಯೇ ಸೋರಿಯಾಸಿಸ್ ಸ್ವತಂತ್ರ ವ್ಯಾಧಿಯೆನಿಸಿತು. ಅಲ್ಲಿಂದ ಮುಂದೆ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಅವರು ಇದನ್ನು ಚರ್ಮದ್ದೇ ದೋಷವೆಂದು ತಿಳಿದರು. ಹಾಗೆ ತಿಳಿಯಲು ಕಾರಣವೂ ಇತ್ತು. ಚರ್ಮದ ಮೇಲ್ಪದರದ ಕಣವು ತಳದಲ್ಲಿ ಹುಟ್ಟಿ ಮೇಲಕ್ಕೇರಿ ಉದುರಿಹೋಗಲು ಆರೋಗ್ಯವಂತನಲ್ಲಿ ಸುಮಾರು 28 ದಿನ ಬೇಕಾದರೆ, ಸೋರಿಯಾಸಿಸ್ ಮಚ್ಚೆಯಲ್ಲಿ 3ರಿಂದ 5 ದಿನಗಳಲ್ಲಿಯೇ ಆ ಯಾತ್ರೆ ಮುಗಿಯುತ್ತದೆ. ಬಲಿಯುವುದಕ್ಕೆ ಅವಕಾಶವಿಲ್ಲದ ಕಣಗಳು ಒಂದರ ಮೇಲೊಂದು ಒಟ್ಟಿಕೊಂಡು ಹಕ್ಕಳೆಯಾಗುತ್ತವೆ. ಆದರೆ 1979ರಲ್ಲಿ, ಅಂಗಾಂಗ ಕಸಿ ಮಾಡಿಸಿಕೊಂಡವರ ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ಬಳಕೆಗೆ ಬರುತ್ತಿದ್ದ ಸೈಕ್ಲೋಸ್ಪೊರಿನ್ ಎಂಬ ಔಷಧವನ್ನು ಸಂಧಿವಾತದ ಕೆಲವು ರೋಗಿಗಳಿಗೆ ಕೊಟ್ಟು ನೋಡಿದಾಗ, ಅವರಲ್ಲಿದ್ದ ಸೋರಿಯಾಸಿಸ್ ತಿಳಿಯಾಯಿತು. ಆ ಔಷಧದ ಮುಖ್ಯ ಗುರಿ ಚರ್ಮದ ಕಣವಲ್ಲ. ರೋಗನಿರೋಧಕ ವ್ಯವಸ್ಥೆಯ ಟಿ-ಕಣ. ಮೂಳೆಮಜ್ಜೆಯ ಕಸಿಯಿಂದ ದೊರೆತ ಸಾಕ್ಷ್ಯ ಇನ್ನೂ ವಿಚಿತ್ರವಾದದ್ದು: ಬೇರೆ ಯಾವುದೋ ರೋಗಕ್ಕಾಗಿ ಆರೋಗ್ಯವಂತನ ಮಜ್ಜೆಯನ್ನು ಪಡೆದ ಸೋರಿಯಾಸಿಸ್ ರೋಗಿಗಳಲ್ಲಿ ವ್ಯಾಧಿ ಮಾಯವಾದದ್ದೂ, ಸೋರಿಯಾಸಿಸ್ ಇದ್ದವನ ಮಜ್ಜೆಯನ್ನು ಪಡೆದವನಲ್ಲಿ ಅದು ಹೊಸದಾಗಿ ಮೂಡಿದ್ದೂ ವೈದ್ಯವಾಙ್ಮಯದಲ್ಲಿ ದಾಖಲಾಗಿವೆ. ರಕ್ತದಲ್ಲಿ ಏನೋ ಇದೆಯೆಂದ ಅಜ್ಜಿಯ ಮಾತನ್ನು ನಕ್ಕು ಕಳೆದ ತಜ್ಞರು ಇದನ್ನು ಓದಿ ಸ್ವಲ್ಪ ತಲೆತಗ್ಗಿಸಿದ್ದರೆ ತಪ್ಪಿರಲಿಲ್ಲ.

ಹೀಗೆ ಒಳಗಿನ ರೋಗವೆಂಬುದು ಸಿದ್ಧವಾದ ಮಾತ್ರಕ್ಕೆ ಕಶ್ಮಲದ ರೋಗವೆಂಬುದು ಸಿದ್ಧವಾಗುವುದಿಲ್ಲ. ರಕ್ತದ ಮೂಲಕ ಸಂಚರಿಸುವ ಕಣಗಳು ಅನುಚಿತವಾಗಿ ವರ್ತಿಸುವುದು ಬೇರೆ, ರಕ್ತದಲ್ಲಿ ಕೊಳೆ ಕೂಡಿರುವುದು ಬೇರೆ. ಎರಡನೆಯದು ನಿಜವಾಗಿದ್ದರೆ ಮೂರು ಫಲಗಳು ಕಾಣಬೇಕಾಗಿತ್ತು. ರಕ್ತವನ್ನು ಯಂತ್ರದಿಂದ ಸೋಸಿದರೆ ರೋಗ ಹೋಗಬೇಕಾಗಿತ್ತು. ಆ ಪ್ರಯೋಗವೂ ನಡೆದುಹೋಗಿದೆ. ಮೂತ್ರಪಿಂಡದ ವೈಫಲ್ಯಕ್ಕಾಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕೆಲವರಲ್ಲಿ ಸೋರಿಯಾಸಿಸ್ ಇಳಿದದ್ದನ್ನು ಕಂಡು 1970ರ ದಶಕದಲ್ಲಿ ದೊಡ್ಡ ಆಸೆಯೇ ಹುಟ್ಟಿತ್ತು. ಆದರೆ ಫಲ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ, ಅದು ಚಿಕಿತ್ಸೆಯಾಗಿ ನಿಲ್ಲದೆಹೋಯಿತು, ಮತ್ತು ವಾರ ವಾರವೂ ರಕ್ತ ಸೋಸಲ್ಪಡುತ್ತಿರುವಾಗಲೇ ಮೈಮೇಲೆ ಮಚ್ಚೆಗಳನ್ನು ಹೊತ್ತ ರೋಗಿಗಳೂ ಇದ್ದಾರೆ. ಎರಡನೆಯದಾಗಿ, ಕೊಳೆ ರಕ್ತದಲ್ಲಿದ್ದು ಹೊರದಾರಿಯನ್ನು ಅರಸುತ್ತಿದ್ದರೆ ಅದು ಎಲ್ಲಿ ಬೇಕಾದರೂ ಹೊರಟೀತು. ಆದರೆ ಸೋರಿಯಾಸಿಸ್ ಚರ್ಮಕ್ಕೆ ಪೆಟ್ಟು ಬಿದ್ದ ಗೆರೆಯನ್ನೇ ಹಿಡಿದು ಮೂಡುವುದುಂಟು. ಹಚ್ಚೆ ಚುಚ್ಚಿಸಿಕೊಂಡ ರೇಖೆಯಲ್ಲಿ, ಕುದುರೆ ಕಚ್ಚಿದ ಗಾಯದಲ್ಲಿ ಹೀಗೆ ಮೂಡಿದ್ದನ್ನು ಬ್ರೆಸ್ಲಾವಿನ ಹೈನ್ರಿಕ್ ಕ್ಯೋಬ್ನರ್ 1872ರಲ್ಲಿಯೇ ತೋರಿಸಿಕೊಟ್ಟನು. ಇಂದಿಗೂ ಆ ವಿದ್ಯಮಾನಕ್ಕೆ ಅವನ ಹೆಸರೇ ಇದೆ. ಬಿಗಿಯಾದ ಸೊಂಟದ ಪಟ್ಟಿ ಉಜ್ಜುವ ಜಾಗ, ಕೆರೆದುಕೊಂಡ ಉಗುರಿನ ಗೀರು, ಶಸ್ತ್ರಚಿಕಿತ್ಸೆಯ ಹೊಲಿಗೆ ಇವೆಲ್ಲ ರೋಗವನ್ನು ಕರೆಯುವುದಾದರೆ, ಚರ್ಮವನ್ನು ಕೇವಲ ಬಾಗಿಲೆನ್ನುವುದು ಹೇಗೆ? ಮೂರನೆಯದಾಗಿ, ಕೊಳೆ ಆಹಾರದಿಂದ ಬರುವುದಾದರೆ ನಂಜೆನಿಸಿದ ಪದಾರ್ಥಗಳನ್ನು ಬಿಟ್ಟವನು ಗುಣವಾಗಬೇಕು. ಬದನೆಕಾಯಿ, ಹಲಸು, ಒಣಮೀನುಗಳನ್ನು ಜನ್ಮದಲ್ಲಿ ಮುಟ್ಟದ ಮನೆತನಗಳಲ್ಲಿಯೂ ಈ ರೋಗವಿದೆ. ಅವನ್ನೇ ಉಂಡು ಬೆಳೆದ ಕರಾವಳಿಯ ಬಹುಸಂಖ್ಯಾತರಲ್ಲಿ ಇಲ್ಲ. ಪಥ್ಯದಲ್ಲಿ ನಿಜವಾಗಿ ಫಲ ಕಂಡಿರುವುದು ಬೇರೊಂದು ಕಡೆ: ಮೈ ಬೊಜ್ಜು ಬೆಳೆದವನು ತೂಕ ಇಳಿಸಿದರೆ ರೋಗವೂ ಇಳಿಯುತ್ತದೆ, ಔಷಧವೂ ಚೆನ್ನಾಗಿ ಹಿಡಿಯುತ್ತದೆ, ಮದ್ಯ ಮತ್ತು ಹೊಗೆಸೊಪ್ಪನ್ನು ಬಿಟ್ಟವನಿಗೂ ಲಾಭವಿದೆ. ನಂಜಿನ ಪಟ್ಟಿಯಲ್ಲಿ ಬದನೆಕಾಯಿಗಿರುವ ಸ್ಥಾನ ಬ್ರಾಂದಿಗಿಲ್ಲದಿರುವುದು ನಮ್ಮ ಪಥ್ಯಶಾಸ್ತ್ರದ ಒಂದು ಚೋದ್ಯ.

ಒಳಗಿನ ಕೊಳೆಯನ್ನು ಒಳಗಿನಿಂದಲೇ ನಿರ್ಮೂಲ ಮಾಡುವೆನೆಂಬ ಹಠ ಪಶ್ಚಿಮದ ವೈದ್ಯರನ್ನೂ ಬಿಟ್ಟಿರಲಿಲ್ಲ ಎಂಬುದಕ್ಕೆ ಪಾಷಾಣದ ಚರಿತ್ರೆ ಸಾಕ್ಷಿ. ಥಾಮಸ್ ಫೌಲರ್ ಎಂಬ ಇಂಗ್ಲಿಷ್ ವೈದ್ಯ 1786ರಲ್ಲಿ ಪ್ರಚುರಪಡಿಸಿದ ಆರ್ಸೆನಿಕ್ ದ್ರಾವಣವನ್ನು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸೋರಿಯಾಸಿಸ್ ರೋಗಿಗಳಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕುಡಿಸಿದರು. ಮಚ್ಚೆಗಳು ಎಷ್ಟೋ ಜನರಲ್ಲಿ ಇಳಿದುವು. ಆದರೆ ದೀರ್ಘಕಾಲ ಸೇವಿಸಿದವರ ಅಂಗೈ ಅಂಗಾಲುಗಳಲ್ಲಿ ಗಂಟುಗಳೆದ್ದು, ಕೆಲವರಲ್ಲಿ ಅವು ಚರ್ಮದ ಕ್ಯಾನ್ಸರಿಗೆ ತಿರುಗಿದುವೆಂಬುದನ್ನು ಜೊನಾಥನ್ ಹಚಿನ್ಸನ್ 1887ರಲ್ಲಿ ಎತ್ತಿಹೇಳಬೇಕಾಯಿತು.

ಹಾಗಾದರೆ ಈ ರೋಗದ ಮೂಲವೆಲ್ಲಿದೆ? ವಂಶದಲ್ಲಿದೆಯೆನ್ನೋಣವೇ? ಆರನೆಯ ಕ್ರೋಮೊಸೋಮಿನ ಮೇಲಿರುವ ಎಚ್‌ಎಲ್‌ಎ-ಸಿ ಎಂಬ ಜೀನಿನ ಒಂದು ರೂಪಕ್ಕೂ, ವಿಶೇಷವಾಗಿ ಎಳೆಯ ವಯಸ್ಸಿನಲ್ಲಿ ತೊಡಗುವ ಸೋರಿಯಾಸಿಸ್ಸಿಗೂ ಗಾಢವಾದ ನಂಟಿರುವುದು ನಿಜ. ಆದರೆ ಆ ರೂಪವನ್ನು ಹೊತ್ತವರಲ್ಲಿ ಬಹುಪಾಲು ಜನರಿಗೆ ರೋಗ ಬಾರದು. ಒಂದೇ ಅಂಡದಿಂದ ಜನಿಸಿ ಜೀನುಗಳನ್ನೆಲ್ಲ ಸಮನಾಗಿ ಪಡೆದ ಅವಳಿಗಳಲ್ಲಿಯೂ ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೆ ಬಾರದಿರುವುದುಂಟು. ಹಾಗಾದರೆ ಕೆಣಕುವ ಕಾರಣಗಳಲ್ಲಿದೆಯೆನ್ನೋಣವೇ? ಸ್ಟ್ರೆಪ್ಟೊಕಾಕಸ್ ಎಂಬ ಜೀವಾಣುವಿನಿಂದ ಗಂಟಲು ಬಾತ ಮಗುವಿಗೆ ಎರಡು ಮೂರು ವಾರಗಳ ತರುವಾಯ ಮೈತುಂಬ ಹನಿಹನಿಯಾಗಿ ಮಚ್ಚೆಗಳೇಳುತ್ತವೆ. ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮುಂತಾದ ಔಷಧಗಳು ಕೆಲವರಲ್ಲಿ ರೋಗವನ್ನು ಕೆರಳಿಸುತ್ತವೆ. ಚಳಿಗಾಲ, ಮದ್ಯ, ಮನಃಕ್ಲೇಶಗಳೂ ಈ ಪಟ್ಟಿಗೆ ಸೇರುತ್ತವೆ. ಆದರೆ ಇದೇ ಗಂಟಲುಬೇನೆ ಬಂದ ನೂರಾರು ಮಕ್ಕಳಲ್ಲಿ ಏನೂ ಆಗದು. ಕೆಣಕಿದ್ದು ತೊಲಗಿದ ಮೇಲೆಯೂ ಕೆರಳಿದ್ದು ಉಳಿಯುವುದುಂಟು. ಕೊನೆಗೆ ಮಚ್ಚೆಯೊಳಗಿನ ನಡೆಯನ್ನೇ ನೋಡಿದರೆ, ಅಲ್ಲಿ ಕಾಣುವುದು ಒಂದು ಚಕ್ರ. ಚರ್ಮದಲ್ಲಿ ಕಾವಲಿರುವ ಕಣಗಳು ಇಂಟರ್‌ಲ್ಯೂಕಿನ್ 23 ಎಂಬ ಸಂದೇಶದ್ರವ್ಯವನ್ನು ಹೊರಡಿಸುತ್ತವೆ. ಅದರಿಂದ ಪ್ರೇರಿತವಾದ ಟಿ-ಕಣಗಳು ಇಂಟರ್‌ಲ್ಯೂಕಿನ್ 17ನ್ನು ಸುರಿಸುತ್ತವೆ. ಅದರ ಪ್ರಚೋದನೆಯಿಂದ ಚರ್ಮದ ಕಣಗಳು ಅವಸರದಿಂದ ವಿಭಜಿಸುತ್ತ, ತಮ್ಮ ಪಾಲಿನ ಸಂದೇಶಗಳನ್ನು ಹೊರಡಿಸಿ ಇನ್ನಷ್ಟು ಕಾವಲುಕಣಗಳನ್ನು ಕರೆಯುತ್ತವೆ. ಅವು ಬಂದು ಮತ್ತೆ ಮೊದಲಿನಿಂದ. ಇದರಲ್ಲಿ ಯಾವುದು ಕಾರಣ, ಯಾವುದು ಕಾರ್ಯ? ಪ್ರತಿಯೊಂದೂ ಮುಂದಿನದಕ್ಕೆ ಕಾರಣ, ಹಿಂದಿನದಕ್ಕೆ ಕಾರ್ಯ. ಇಲ್ಲಿ ಕಿತ್ತುಹಾಕಲು ಬೇರೆಂಬುದು ಒಂದೆಡೆ ಕುಳಿತಿಲ್ಲ. ಆದರೆ ಅದೇ ಕಾರಣದಿಂದ, ಎಲ್ಲಿ ತಡೆದರೂ ಸುತ್ತು ನಿಲ್ಲುತ್ತದೆ. ಬೇರಿಲ್ಲವೆಂಬ ಸಂಗತಿ ನಿರಾಶೆಗೆ ಕಾರಣವೆಂದು ತಿಳಿದವರು ಅದರ ಈ ಇನ್ನೊಂದು ಮಗ್ಗುಲನ್ನು ಎಣಿಸಿದಂತಿಲ್ಲ.

ಇನ್ನು ಮೂರನೆಯ ಪ್ರತಿಜ್ಞೆ: ಅದುಮುವುದು. ಒಂದು ವ್ಯಾಪಾರವನ್ನು ಮರೆಮಾಡುವುದಕ್ಕೂ ಅದನ್ನು ನಡೆಯದಂತೆ ತಡೆಯುವುದಕ್ಕೂ ಇರುವ ಅಂತರವನ್ನು ಈ ವಾದ ಗಮನಿಸುವುದಿಲ್ಲ. ಮಚ್ಚೆಯ ಮೇಲೆ ಚರ್ಮದ ಬಣ್ಣದ ಲೇಪ ಬಳಿದರೆ ಅದು ಮರೆಮಾಡುವುದು. ಒಳಗೆ ಚಕ್ರ ತಿರುಗುತ್ತಲೇ ಇರುತ್ತದೆ. 311 ನ್ಯಾನೊಮೀಟರಿನ ನೇರಳಾತೀತ ಕಿರಣವನ್ನು ಹಾಯಿಸಿದಾಗ ಮಚ್ಚೆಯೊಳಗಿನ ಟಿ-ಕಣಗಳು ನಾಶವಾಗುತ್ತವೆ. ಇಂಟರ್‌ಲ್ಯೂಕಿನ್ 17ನ್ನು ಹಿಡಿದುಹಾಕುವ ಚುಚ್ಚುಮದ್ದನ್ನು ಕೊಟ್ಟಾಗ ಸಂದೇಶವೇ ತಲುಪದೆ ಹೋಗುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲ್ಪದರವು ತನ್ನ ಸಹಜವಾದ ಗಾತ್ರಕ್ಕೂ ಗತಿಗೂ ಮರಳಿರುತ್ತದೆ. ಇದನ್ನು ಅದುಮುವುದೆಂದರೆ, ಜ್ವರಕ್ಕೆ ಕಾರಣವಾದ ಕ್ರಿಮಿಯನ್ನು ಕೊಂದು ಜ್ವರ ಇಳಿಸುವುದನ್ನೂ ಅದುಮುವುದೆನ್ನಬೇಕಾದೀತು. ಒಳಕ್ಕೆ ಅಟ್ಟುತ್ತದೆಂಬ ಮಾತಿಗೆ ಇನ್ನೊಂದು ಪರೀಕ್ಷೆಯನ್ನೂ ಒಡ್ಡಬಹುದು. ಅಟ್ಟಲ್ಪಟ್ಟ ದೋಷ ಹೋಗಿ ಸೇರುವುದು ಕೀಲುಗಳಿಗೆಂದು ಸಾಮಾನ್ಯ ನಂಬಿಕೆ; ಆದರೆ ಚರ್ಮವನ್ನು ತಿಳಿಯಾಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆಯೇ ಕೈಕಾಲಿನ ಕೀಲುಗಳ ಊತವನ್ನೂ ಇಳಿಸುತ್ತದೆ. ಒಂದೇ ಔಷಧ ದೋಷವನ್ನು ಚರ್ಮದಿಂದ ಕೀಲಿಗೆ ಅಟ್ಟುವುದೂ, ಕೀಲಿನಿಂದ ಹೊರಗಟ್ಟುವುದೂ ಹೇಗೆ ಸಾಧ್ಯ?

ಸ್ಟೀರಾಯ್ಡಿನ ವಿಷಯ ಮಾತ್ರ ಬೇರೆ; ಪೂರ್ವಪಕ್ಷದ ಅತ್ಯಂತ ಬಲವಾದ ಸಾಕ್ಷಿ ಅದೇ. ಸ್ಟೀರಾಯ್ಡ್ ಮಾತ್ರೆಯನ್ನು ಕೆಲಕಾಲ ನುಂಗಿಸಿ ತಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಕೀವುಗುಳ್ಳೆಗಳ ರೂಪದಲ್ಲಿಯೋ, ಮೈಯೆಲ್ಲ ಕೆಂಪೇರಿ ಸಿಪ್ಪೆ ಸುಲಿಯುವ ರೂಪದಲ್ಲಿಯೋ ಕೆರಳಬಹುದು. ಆಗ ದೇಹ ತನ್ನ ಶಾಖವನ್ನೂ ಸಸಾರಜನಕವನ್ನೂ ಕಳೆದುಕೊಂಡು ಪ್ರಾಣಕ್ಕೇ ಅಪಾಯವೊದಗುವುದುಂಟು. ಚರ್ಮವೈದ್ಯರು ಈ ರೋಗಕ್ಕೆ ಸ್ಟೀರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಕೊಡದಿರುವುದಕ್ಕೆ ಇದೇ ಕಾರಣ. ಹಚ್ಚುವ ಸ್ಟೀರಾಯ್ಡ್ ಮುಲಾಮು ಮಿತವಾಗಿ, ಗೊತ್ತಾದ ಅವಧಿಗೆ ಹಚ್ಚಿದರೆ ಒಳ್ಳೆಯ ಔಷಧ. ಅಂಗಡಿಯಿಂದ ಕೇಳಿ ತಂದು ವರ್ಷಗಟ್ಟಲೆ ಬಳಿದರೆ ಚರ್ಮ ತೆಳುವಾಗಿ ಸೀಳುತ್ತದೆ. ಇದನ್ನು ಕಂಡೇ ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೆ ಒಂದು ಔಷಧದ ದೋಷದಿಂದ ಔಷಧಮಾತ್ರದ ದೋಷವನ್ನು ಅನುಮಾನಿಸುವುದು ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ನಿಷಿದ್ಧವಾದದ್ದು. ಇದಕ್ಕಿಂತ ಕಹಿಯಾದ ಸಂಗತಿಯೊಂದುಂಟು: ಬುಡಸಮೇತ ಕೀಳುವುದೆಂದು ಹೊಗಳಿ ಮಾರುವ ಹೆಸರಿಲ್ಲದ ಪುಡಿಗಳಲ್ಲಿಯೂ ಲೇಪಗಳಲ್ಲಿಯೂ ಇದೇ ಸ್ಟೀರಾಯ್ಡನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ.

ಆಕ್ಷೇಪವೊಂದು ಇಲ್ಲಿ ಏಳುತ್ತದೆ: ನೀವು ಏನೇ ಹೇಳಿ, ಔಷಧ ಬಿಟ್ಟರೆ ರೋಗ ಮರಳುವುದು ನಿಜವಷ್ಟೆ? ನಿಜವೇ. ವಿಶ್ವ ಆರೋಗ್ಯ ಸಭೆಯು 2014ರಲ್ಲಿ ಅಂಗೀಕರಿಸಿದ ನಿರ್ಣಯ ಸೋರಿಯಾಸಿಸ್ಸನ್ನು ಅಂಟದ, ದೀರ್ಘಕಾಲಿಕ, ಪೂರ್ಣ ಪರಿಹಾರವಿಲ್ಲದ ರೋಗವೆಂದು ಸ್ಪಷ್ಟವಾಗಿಯೇ ಹೇಳಿದೆ. ಮರಳುವಾಗ ಹಳೆಯ ಜಾಗವನ್ನೇ ಹಿಡಿಯುವುದಕ್ಕೂ ಕಾರಣ ಕಂಡಿದೆ: ತಿಳಿಯಾದ ಚರ್ಮದಲ್ಲಿಯೂ ಹಿಂದಿನ ಕೆರಳಿಕೆಯ ಸ್ಮೃತಿಯನ್ನು ಹೊತ್ತ ಕೆಲವು ಟಿ-ಕಣಗಳು ನೆಲಸಿಬಿಡುತ್ತವೆ. ಆದರೆ ಮರಳುವುದರಿಂದ ಸಿದ್ಧವಾಗುವುದು ಚಿಕಿತ್ಸೆ ಶಾಶ್ವತವಲ್ಲವೆಂಬುದು ಮಾತ್ರ, ಚಿಕಿತ್ಸೆ ಸುಳ್ಳೆಂಬುದಲ್ಲ. ಸಕ್ಕರೆ ಕಾಯಿಲೆಯವನು ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ. ಥೈರಾಯ್ಡ್ ಕುಂದಿದವಳು ಬಿಟ್ಟರೆ ಮತ್ತೆ ನಿಸ್ತೇಜಳಾಗುತ್ತಾಳೆ. ಅವರಿಗೆ ಯಾರೂ ರೋಗವನ್ನು ಒಳಗೆ ಅದುಮುತ್ತಿದ್ದೀರೆಂದು ಎಚ್ಚರಿಕೆ ಕೊಡುವುದಿಲ್ಲ. ಚರ್ಮ ಕಣ್ಣಿಗೆ ಕಾಣುತ್ತದೆ, ಮರಳಿದ್ದನ್ನು ಊರೆಲ್ಲ ನೋಡುತ್ತದೆ. ಈ ತಾರತಮ್ಯಕ್ಕೆ ಬೇರೆ ಆಧಾರ ನನಗೆ ತೋರದು.

ಇನ್ನೊಂದು ಆಕ್ಷೇಪ ಗುಣವಾದವರ ಸಾಕ್ಷ್ಯವನ್ನು ಕುರಿತದ್ದು. ಇಂಥವರಿಗೆ ಇಂಥ ಕಷಾಯದಿಂದ ಸಂಪೂರ್ಣ ವಾಸಿಯಾಯಿತು, ಕಣ್ಣಾರೆ ಕಂಡಿದ್ದೇವೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಈ ರೋಗದ ಸ್ವಭಾವವೇ ಏರಿಳಿತದ್ದು. ಗಂಟಲುಬೇನೆಯ ಬಳಿಕ ಹನಿಹನಿಯಾಗಿ ಬಂದದ್ದು ಬಹಳ ಮಂದಿಯಲ್ಲಿ ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಅಡಗುತ್ತದೆ. ಚಳಿಗಾಲದಲ್ಲಿ ಉಲ್ಬಣಿಸಿದ್ದು ಬೇಸಗೆಯ ಬಿಸಿಲಿಗೆ ಇಳಿಯುತ್ತದೆ. ರೋಗಿ ಹೊಸ ವೈದ್ಯನನ್ನು ಅರಸಿ ಹೊರಡುವುದು ರೋಗ ತುತ್ತತುದಿಗೇರಿದಾಗ. ಆ ತುದಿಯಿಂದ ಮುಂದಿನ ದಾರಿ ಬಹುಮಟ್ಟಿಗೆ ಇಳಿಜಾರೇ ಆಗಿರುವುದರಿಂದ, ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ ಕಷಾಯಕ್ಕೆ ಕೀರ್ತಿ ಸಲ್ಲುತ್ತದೆ. ಗುಣ ಕಾಣದವರು ಜಾಹೀರಾತಿಗೆ ಪತ್ರ ಬರೆಯುವುದಿಲ್ಲ. ಔಷಧ ತೆಗೆದುಕೊಂಡವರನ್ನು, ಅದೇ ಕಾಲದಲ್ಲಿ ತೆಗೆದುಕೊಳ್ಳದ ಸಮಾನ ರೋಗಿಗಳೊಡನೆ ಹೋಲಿಸಿ ಎಣಿಸದ ಹೊರತು ಎಷ್ಟು ಸಾಕ್ಷ್ಯ ಕೂಡಿದರೂ ಅದು ಪ್ರಮಾಣವಾಗದು.

ಈ ಎಣಿಕೆಯ ಹಠ ಹಳೆಯದರ ಮೇಲಿನ ದ್ವೇಷವೆಂದು ಯಾರಾದರೂ ಭಾವಿಸುವುದಾದರೆ ಗೋವಾ ಪುಡಿಯ ಕಥೆಯನ್ನು ನೆನೆಯಬೇಕು. ಬ್ರೆಜಿಲ್ ದೇಶದ ಅರರೋಬ ಮರದ ತಿರುಳಿನಿಂದ ಬರುವ ಈ ಪುಡಿ ಪೋರ್ಚುಗೀಸರ ಮೂಲಕ ಗೋವೆಗೆ ಬಂದು, ಅಲ್ಲಿಂದ ಗಜಕರ್ಣದ ಮದ್ದೆಂದು ಪ್ರಸಿದ್ಧವಾಯಿತು. 1876ರಲ್ಲಿ ಲಂಡನ್ನಿನ ಬಾಲ್ಮನ್ನೊ ಸ್ಕ್ವಯರ್ ಎಂಬ ವೈದ್ಯ, ಸೋರಿಯಾಸಿಸ್ಸನ್ನು ಗಜಕರ್ಣವೆಂದು ತಪ್ಪಾಗಿ ತಿಳಿದು ಹಚ್ಚಿದ್ದರಿಂದ ಆದ ಗುಣವನ್ನು ಗಮನಿಸಿದನು. ಆ ಪುಡಿಯ ಸತ್ವವನ್ನು ಅನುಸರಿಸಿ ಮೊದಲ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಜರ್ಮನರು ತಯಾರಿಸಿದ ಡಿಥ್ರನಾಲ್ ಇಂದಿಗೂ ಔಷಧಕೋಶದಲ್ಲಿದೆ. ನಮ್ಮ ವೈದ್ಯರು ತೊನ್ನಿಗೆ ಬಳಸುತ್ತಿದ್ದ ಬಾವಂಚಿಯ ಬೀಜದಲ್ಲಿಯೂ, ಈಜಿಪ್ಟಿನವರು ಅದೇ ಕೆಲಸಕ್ಕೆ ಬಳಸುತ್ತಿದ್ದ ಒಂದು ಗಿಡದಲ್ಲಿಯೂ ಇರುವುದು ಸೊರಾಲೆನ್ ಜಾತಿಯ ದ್ರವ್ಯಗಳು. ಅವುಗಳಲ್ಲೊಂದನ್ನು ನುಂಗಿಸಿ ನೇರಳಾತೀತ ಕಿರಣ ಹಾಯಿಸುವ ಚಿಕಿತ್ಸೆ 1974ರಿಂದ ಸೋರಿಯಾಸಿಸ್ಸಿಗೆ ಪ್ರಚಾರಕ್ಕೆ ಬಂದಿತು. 1951ರಲ್ಲಿ ಸಂಧಿವಾತಕ್ಕೆಂದು ಕೊಟ್ಟ ಅಮೈನಾಪ್ಟೆರಿನ್ ಚರ್ಮವನ್ನು ತಿಳಿಗೊಳಿಸಿದ್ದರಿಂದ ಅದರ ಸೋದರ ಮೆಥೊಟ್ರೆಕ್ಸೇಟ್ ದೊರೆಯಿತು. 1985ರಲ್ಲಿ ಜಪಾನಿನಲ್ಲಿ ಮೂಳೆ ಸವೆತಕ್ಕೆಂದು ಕೊಟ್ಟ ಡಿ ಜೀವಸತ್ವದಿಂದ ಸೋರಿಯಾಸಿಸ್ ಇಳಿದದ್ದು ಕಂಡು ಆ ಜಾತಿಯ ಮುಲಾಮುಗಳು ಬಂದುವು. ಮೂಲವನ್ನು ಮೊದಲು ಅರಿತು, ಬಳಿಕ ಔಷಧವನ್ನು ಕಂಡುಹಿಡಿದ ಪ್ರಸಂಗ ಇತ್ತೀಚಿನವರೆಗೂ ಇರಲಿಲ್ಲವೆಂದೇ ಹೇಳಬೇಕು. ಇದು ವೈದ್ಯವಿಜ್ಞಾನದ ಹೆಮ್ಮೆಗೂ ಸ್ವಲ್ಪ ಕುಂದು ತರತಕ್ಕ ಸಂಗತಿ.

ಮೂಲವನ್ನು ಅರಸುವ ಹಂಬಲ ದೇಹದಲ್ಲಿ ಅದನ್ನು ಕಾಣದೆ ಹೋದಾಗ ಕರ್ಮದಲ್ಲಿಯೋ ಮನಸ್ಸಿನಲ್ಲಿಯೋ ಅದನ್ನು ನೆಡುತ್ತದೆ. ಹಾವಿನ ಪೊರೆಯಂತೆ ಚರ್ಮ ಸುಲಿಯುವುದರಿಂದ ನಾಗದೋಷವೆನ್ನುವವರುಂಟು. ಆಧುನಿಕರಾದರೋ ಎಲ್ಲವೂ ಟೆನ್ಶನ್ನಿನಿಂದ ಎನ್ನುತ್ತಾರೆ. ಮನಃಕ್ಲೇಶ ರೋಗವನ್ನು ಕೆಣಕಬಲ್ಲದೆಂಬುದನ್ನು ಮೇಲೆಯೇ ಒಪ್ಪಿದ್ದಾಯಿತು. ಆದರೆ ತುರಿಕೆಯಿಂದ ನಿದ್ದೆಗೆಟ್ಟವನಿಗೆ, ಕ್ಷೌರಿಕನ ಅಂಗಡಿಯಲ್ಲಿ ಬೇರೆ ಕತ್ತರಿ ಹುಡುಕುವುದನ್ನು ಕಂಡವನಿಗೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ತುಂಬುತೋಳಿನ ರವಿಕೆಯನ್ನು ಹೊಲಿಸಿಕೊಳ್ಳಬೇಕಾದವಳಿಗೆ ಕ್ಲೇಶ ರೋಗದಿಂದಲೇ ಬಂದಿರುವುದು. ಅಂಟುವ ರೋಗ ಇದಲ್ಲ; ತಂದೆಗೋ ತಾಯಿಗೋ ಇದ್ದ ಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುವುದೆಂಬುದೂ ಇಲ್ಲ, ಬಹುಪಾಲು ಮಕ್ಕಳಿಗೆ ಬಾರದು. ರೋಗಿಯ ಶೀಲದಲ್ಲಿ ರೋಗದ ಮೂಲವನ್ನು ಕಾಣುವ ಸಿದ್ಧಾಂತ, ಗುಣವಾಗದಿದ್ದಾಗಲೆಲ್ಲ ರೋಗಿಯನ್ನೇ ಅಪರಾಧಿಯನ್ನಾಗಿ ಮಾಡುತ್ತದೆ. ವೈದ್ಯನಿಗೆ ಇದಕ್ಕಿಂತ ಅನುಕೂಲವಾದ ಸಿದ್ಧಾಂತ ಇರಲಾರದು.

ಹತೋಟಿಯೆಂಬುದು ಸೋತವನ ಮಾತೆಂದು ತಿಳಿದವರಿಗೆ ಅದರ ವಿಸ್ತಾರವನ್ನು ತೋರಿಸಬೇಕಾಗಿದೆ. ಮೈಯ ಅಲ್ಪಭಾಗದಲ್ಲಿ ಮಾತ್ರ ಇರುವ ರೋಗಕ್ಕೆ, ಸ್ನಾನವಾದೊಡನೆ ಚರ್ಮ ಹಸಿಯಿರುವಾಗಲೇ ಹಚ್ಚುವ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ, ಹಕ್ಕಳೆ ಬಿಡಿಸುವ ಸ್ಯಾಲಿಸಿಲಿಕ್ ಆಮ್ಲ, ಕಲ್ಲಿದ್ದಲ ಡಾಂಬರು, ಮಿತವಾದ ಸ್ಟೀರಾಯ್ಡ್, ಡಿ ಜೀವಸತ್ವದ ಮುಲಾಮು ಇವುಗಳಲ್ಲಿ ಹೊಂದಿದ್ದು ಸಾಕಾಗುತ್ತದೆ. ಹೆಚ್ಚು ಹರಡಿದ್ದರೆ ಕಿರಣಚಿಕಿತ್ಸೆ, ಮೆಥೊಟ್ರೆಕ್ಸೇಟ್. ಅದಕ್ಕೂ ಬಗ್ಗದಿದ್ದರೆ ಸಂದೇಶದ್ರವ್ಯಗಳನ್ನೋ ಟಿ-ಕಣಗಳನ್ನೋ ತಡೆಯುವ ಜೈವಿಕ ಔಷಧಗಳು. ಈ ಕೊನೆಯ ಬಗೆಯ ಇಟೊಲಿಜುಮ್ಯಾಬ್ ಎಂಬುದನ್ನು ಬೆಂಗಳೂರಿನ ಬಯೊಕಾನ್ ಸಂಸ್ಥೆ 2013ರಲ್ಲಿ ಇದೇ ರೋಗಕ್ಕಾಗಿ ಭಾರತದಲ್ಲಿ ಬಳಕೆಗೆ ತಂದಿತು. ಇವುಗಳಿಗೆ ಅಡ್ಡಪರಿಣಾಮಗಳಿಲ್ಲವೇ? ಇವೆ. ಮೆಥೊಟ್ರೆಕ್ಸೇಟ್ ಯಕೃತ್ತನ್ನೂ ರಕ್ತಕಣಗಳನ್ನೂ ಬಾಧಿಸಬಹುದು, ಗರ್ಭಿಣಿಯರಿಗೆ ವರ್ಜ್ಯ. ವಾರಕ್ಕೊಮ್ಮೆ ನುಂಗಬೇಕಾದದ್ದನ್ನು ದಿನದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಜೈವಿಕ ಔಷಧಗಳಲ್ಲಿ ಕೆಲವು, ದೇಹದಲ್ಲಿ ಸುಪ್ತವಾಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದ್ದರಿಂದ ಮೊದಲೇ ಪರೀಕ್ಷೆ ಮಾಡಿಸತಕ್ಕದ್ದು. ಇವುಗಳ ಬೆಲೆಯೂ ಬಡವರ ಕೈಗೆ ಎಟಕುವಂಥದಲ್ಲ. ಆದರೆ ತಿಳಿದಿರುವ ಅಪಾಯವನ್ನು ರಕ್ತಪರೀಕ್ಷೆಯಿಂದ ಕಾವಲು ಕಾಯಬಹುದು. ಚೀಟಿಯಿಲ್ಲದ ಪುಡಿಯ ಪೊಟ್ಟಣದಲ್ಲಿ ಪಾದರಸವಿದೆಯೋ ಪಾಷಾಣವಿದೆಯೋ ಕಾಯುವವರು ಯಾರು? ಅಡ್ಡಪರಿಣಾಮವಿಲ್ಲವೆಂಬ ಭರವಸೆಗೆ ಬಹಳ ಕಡೆ ಇರುವ ಅರ್ಥ, ಅದನ್ನು ಯಾರೂ ಎಣಿಸಿ ನೋಡಿಲ್ಲವೆಂಬುದೇ.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆಯೊಂದಿದೆ: ಬುಡದಿಂದ ವಾಸಿಮಾಡುವ ಔಷಧಕ್ಕಾಗಿ ಕಾದು ನೋಡಿದರೆ ನಷ್ಟವೇನು, ಚರ್ಮವಷ್ಟೆ? ಚರ್ಮವೊಂದೇ ಆಗಿದ್ದರೆ ಈ ಪ್ರಶ್ನೆಯಲ್ಲಿ ಬಲವಿರುತ್ತಿತ್ತು. ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ 30ರವರೆಗೂ ಕೀಲುಗಳ ಉರಿಯೂತ ಬರುವುದುಂಟು. ಸಾಮಾನ್ಯವಾಗಿ ಚರ್ಮದ ರೋಗ ತೊಡಗಿದ ಎಷ್ಟೋ ವರ್ಷಗಳ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಉಗುರಿನ ಮೇಲೆ ಸೂಜಿಮೊನೆ ಒತ್ತಿದಂಥ ಗುಳಿಗಳು, ಬೆಳಗ್ಗೆ ಎದ್ದಾಗ ಅರ್ಧಗಂಟೆಗೂ ಹೆಚ್ಚು ಹೊತ್ತು ಬಿಡದ ಬಿಗಿತ, ಹಿಮ್ಮಡಿಯ ನೋವು, ಒಂದು ಬೆರಳು ಇಡಿಯಾಗಿ ಬಾತುಕೊಳ್ಳುವುದು ಇವು ಅದರ ಮುನ್ಸೂಚನೆಗಳು. ಇವನ್ನು ವಾಯುವೆಂದು ತಿಳಿದು ಎಣ್ಣೆ ತಿಕ್ಕಿಕೊಂಡು ಕೂರುವವರೇ ಹೆಚ್ಚು. ಚರ್ಮದ ಮೇಲಿನ ಮಚ್ಚೆ ಹತ್ತು ವರ್ಷ ಇದ್ದರೂ ಚಿಕಿತ್ಸೆಯಿಂದ ಕಲೆಯುಳಿಯದಂತೆ ತಿಳಿಯಾಗಬಲ್ಲದು. ಆದರೆ ಸವೆದ ಕೀಲು ಯಾವ ಔಷಧದಿಂದಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಮತ್ತು ಚಿಕಿತ್ಸೆ ಆರು ತಿಂಗಳು ತಡವಾದರೂ ಆ ಸವೆತ ಹೆಚ್ಚುವುದು ಎಕ್ಸ್‌ರೇ ಚಿತ್ರಗಳಲ್ಲಿ ಕಾಣುತ್ತದೆ.